ಕಿತ್ತಳೆ ತಂತಿ

ಬೆಳಗಿನ ಎಂಟು ಗಂಟೆ, ಗೂಲ್ ಬಂದರಿನ ಹಿಂದಿನ ಬೀದಿ.
ವ್ಯಾನಿನ ಗಾಜಿಗೆ ಉಪ್ಪು ಸವರಿದಂಥ ಹಿಮ.
ಬಾಗಿಲು ತೆಗೆದವಳು ಈನಿಡ್ ಥ್ಯಾಕ್ರೆ,
ಕೋಟಿನ ಮೇಲೊಂದು ಕೋಟು, ಕೈಯಲ್ಲಿ ನೋಟ್‌ಬುಕ್ಕು.
"ನೀನು ಮೂರನೆಯವ," ಎಂದಳು.
ಸ್ವಾಗತ ಅಷ್ಟೇ.

ಮೊದಲಿನವ ಬಾಯ್ಲರಿನ ಬೋರ್ಡು ಬದಲಿಸಿದ್ದ,
ಎರಡನೆಯವ ಗೋಡೆಯ ಥರ್ಮೋಸ್ಟಾಟು.
ಹೊಸವೆರಡೂ ನಿರಪರಾಧಿಗಳು.
ಹಳೆಯವೂ ನಿರಪರಾಧಿಗಳೇ ಇದ್ದಿರಬೇಕು,
ಪಾಪ, ಯಾರದೋ ತಪ್ಪಿಗೆ ಗುಜರಿ ಸೇರಿದವು.

ರೋಗ ಇಷ್ಟು: ಕೆಲವು ದಿನ ಮನೆ ಬೆಚ್ಚಗಾಗುತ್ತದೆ,
ಕೆಲವು ದಿನ ಇಲ್ಲ.
ಈ 'ಕೆಲವು ದಿನ'ಕ್ಕೆ ನನ್ನ ಕಸುಬಿನವರೆಲ್ಲ ಹೆದರುತ್ತೇವೆ.
ಸತ್ತ ತಂತಿ ಸುಳ್ಳು ಹೇಳುವುದಿಲ್ಲ.
ಆಗಾಗ ಸಾಯುವ ತಂತಿ
ನಾವು ಕಾಲಿಟ್ಟ ಕೂಡಲೇ ಎದ್ದು ಕೂತು ನಗುತ್ತದೆ.
ಇವತ್ತು ನಗಲಿಲ್ಲ. ಮನೆ ಥಣ್ಣಗಿತ್ತು. ಅದೃಷ್ಟ.

ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ.
ಮೀಟರನ್ನು ಜೀವವಿದ್ದಲ್ಲಿ ಮುಟ್ಟಿಸಿ, ಇಲ್ಲದಲ್ಲಿ ಮುಟ್ಟಿಸಿ,
ಮತ್ತೆ ಜೀವವಿದ್ದಲ್ಲಿ:
ಸಾಕ್ಷಿ ಕೇಳುವ ಮೊದಲು
ಸಾಕ್ಷಿದಾರನನ್ನೇ ಪರೀಕ್ಷಿಸಬೇಕು.

ಮಹಡಿಯ ಗೂಡಿನಲ್ಲಿ ಬಿಸಿನೀರಿನ ಹಂಡೆ, ಮಡಿಸಿದ ಟವೆಲುಗಳು,
ಹಿಂದೆ ಬಿಳಿ ಪೆಟ್ಟಿಗೆ. ಮುಚ್ಚಳ ತೆಗೆದರೆ
ತಟ್ಟೆಯಲ್ಲಿ ಬಿಟ್ಟೆದ್ದ ಶಾವಿಗೆ:
ಆ ಕಾಲದ ಕೆಂಪು ಕಪ್ಪು, ಈ ಕಾಲದ ಕಂದು ನೀಲಿ.
ಒಂದು ಕಪ್ಪಿನ ಕೊರಳಿಗೆ ಕೆಂಪು ಟೇಪಿನ ತುಂಡು;
ಹೆಸರು ಕಪ್ಪು, ಕೆಲಸ ಕೆಂಪಿನದು, ಮುಟ್ಟೀಯೆ ಜೋಕೆ ಎಂದು
ಯಾರೋ ಸಜ್ಜನ, ಮುಖ ಕಾಣದ ನನಗೆ ಬರೆದಿಟ್ಟ ಚೀಟಿ.

ಫ್ಯೂಸು ಮರಳಿ ಹಾಕಿ ಅಳೆದೆ.
ಕಂದು ಇನ್ನೂರ ಮೂವತ್ತಾರು. ಬೂದು ಇನ್ನೂರ ಮೂವತ್ತಾರು.
ಬಾಯ್ಲರಿಗೆ ಹೋಗುವ ದಾರಿಯಲ್ಲಿ ಅರವತ್ತೆಂಟು.
ಇದೆ ಎನ್ನಲಾಗದು, ಇಲ್ಲ ಎನ್ನಲಾಗದು.
ಪಕ್ಕದ ತಂತಿಯ ಉಸಿರು ತಾಗಿ ಹುಟ್ಟಿದ ದೆವ್ವದ ವೋಲ್ಟು.
ದೆವ್ವ ಮೀಟರನ್ನು ಕುಣಿಸೀತು,
ಒಲೆ ಹೊತ್ತಿಸಲಾರದು.

ವಾಲ್ವ್ ಕೆಟ್ಟಿರಬೇಕು ಎಂದುಕೊಂಡೆ.
ಚೀಲದಲ್ಲಿ ಹೊಸ ವಾಲ್ವಿತ್ತು. ಕೈ ಚೀಲದೊಳಗೆ ಹೋಗಿತ್ತು.

"ವಾಲ್ವ್ ಸರಿಯಿದೆ," ಮೆಟ್ಟಿಲ ಮೇಲಿಂದ ಈನಿಡ್.
"ಮೊದಲು ಕೆಳಗೆ ಟಿಕ್ ಎನ್ನುತ್ತದೆ.
ಆಮೇಲೆ ಇಲ್ಲಿ ಗುರ್ರ್ ಎಂದು ತಿರುಗಿ, ಕ್ಲಿಕ್.
ಅಂದರೆ ಎರಡನೆಯವನು ಫೋನು ಎತ್ತಿದ.
ಅಡುಗೆಮನೆಯವನಿಗೆ ಮಾತ್ರ ಲೈನು ಹೋಗಲಿಲ್ಲ."

ಹಲ್ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹತ್ತೊಂಬತ್ತು ವರ್ಷ
ಕಿವಿಗೆ ಹೆಡ್‌ಫೋನು, ಎರಡೂ ಕೈಯಲ್ಲಿ ಹಗ್ಗದಂಥ ವೈರು;
ಯಾರು ಎತ್ತಿದರು, ಯಾರು ಇಟ್ಟರು,
ಯಾರು ಎತ್ತಿಯೂ ಸುಮ್ಮನಿದ್ದರು
ಎಲ್ಲ ಕೇಳಿಸಿಕೊಂಡವಳು.
ನನಗಿಂತ ಮೊದಲು ಬಂದಿಬ್ಬರಿಗೂ ಹೇಳಿದ್ದಳಂತೆ.
ಹೂಂ ಎಂದಿದ್ದರಂತೆ.

ಮತ್ತೆ ಫ್ಯೂಸು ಜೇಬಿಗೆ. ವಾಲ್ವಿನ ಕಿತ್ತಳೆ ತಂತಿಯನ್ನು
ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ.
ಬಂದೇಬಿಟ್ಟಿತು.
ತಿರುಪು ತಾಮ್ರವನ್ನು ಕಚ್ಚಿರಲೇ ಇಲ್ಲ,
ಕಿತ್ತಳೆಯ ಸಿಪ್ಪೆಯನ್ನು ಕಚ್ಚಿಕೊಂಡು ಕೂತಿತ್ತು
ಇಷ್ಟು ವರ್ಷ.
ಒಂದೇ ಒಂದು ಎಳೆ ಅಂಚಿಗೆ ತಾಗಿ ಮನೆ ನಡೆಸಿತ್ತು:
ಗೂಡು ಬಿಸಿಯಾದರೆ ಹಿಗ್ಗಿ ಮುಟ್ಟುವುದು,
ಚಳಿಗೆ ಮುದುಡಿ ದೂರ ಸರಿಯುವುದು.
ಬೆಚ್ಚಗಿದ್ದವರಿಗೆ ಮಾತ್ರ ಬೆಚ್ಚಗೆ.

ಸಿಪ್ಪೆ ಸುಲಿದೆ. ತಾಮ್ರ ಹೊಸೆದೆ. ತಿರುಪು ಬಿಗಿದೆ.
ಟಿಕ್. ಗುರ್ರ್. ಕ್ಲಿಕ್.
ಕೆಳಗೆ ಅಡುಗೆಮನೆಯಲ್ಲಿ ಫ್ಯಾನು ಉಸಿರೆಳೆದು, ಭುಸ್ಸೆಂದು ಜ್ವಾಲೆ.
"ಮಾತಾಡಿ," ಎಂದಳು ಈನಿಡ್, ಯಾರಿಗೋ,
ಹಳೆಯ ಅಭ್ಯಾಸ.

ಚಹಾ ಕುಡಿಯುವಾಗ ನೋಟ್‌ಬುಕ್ಕು ತೆರೆದಿಟ್ಟಳು.
ಹನ್ನೊಂದು ದಿನದ ಲೆಕ್ಕ, ಸೀಸದಕಡ್ಡಿಯಲ್ಲಿ:
ಆರು ಹತ್ತು, ಇಲ್ಲ. ಏಳು ನಲವತ್ತು, ಸ್ನಾನದ ನೀರು ಕಾದ ಮೇಲೆ, ಇದೆ.
ಆರು ಹತ್ತು, ಇಲ್ಲ. ಎಂಟು, ನೀರು ಕಾದ ಮೇಲೆ, ಇದೆ.
ಉತ್ತರ ಪ್ರತಿ ಸಾಲಿನಲ್ಲೂ ಇತ್ತು.
ನಾನು ಕೇಳಿರಲಿಲ್ಲ.

ಬಿಲ್ಲಿನಲ್ಲಿ ಏನು ಬರೆಯಲಿ? ತಿರುಪು ಒಂದು, ಅರ್ಧ ಸುತ್ತು.
ಅವಳು ಕೋಟು ತೆಗೆದಳು. ಒಳಗಿನದು ಇನ್ನೂ ಇತ್ತು.