ಸಾಲಿನ ಕೊನೆಯ ಖಾಲಿ

ಸಿಗ್ಲುಫ್ಯೋರ್ದುರ್ ಊರಿನ ತಂತಿ ಕಚೇರಿಯಲ್ಲಿ
ಮೂವತ್ತೊಂದು ವರ್ಷ ಚುಕ್ಕಿ ಗೀಟು ಬಡಿದ ಬೆರಳು
ಹಾಲ್‌ಬೇರಾಳದು.
ಈಗ ಅದೇ ಬೆರಳಿನ ಕೆಳಗೆ ಒಂದು ಫೋಟೊ:
ಹೆರಿಂಗ್ ಮೀನಿಗೆ ಉಪ್ಪು ತುಂಬುವ ಹನ್ನೊಂದು ಹೆಂಗಸರು,
ಹಿಂದೆ ಪೀಪಾಯಿಗಳ ಗೋಡೆ,
ತಲೆಗೆ ವಸ್ತ್ರ, ಎಣ್ಣೆಬಟ್ಟೆಯ ಏಪ್ರನ್ನು,
ಮೊಣಕೈವರೆಗೆ ಹೊಳೆಯುವ ಹುರುಪೆ.
ಬಲದಿಂದ ಮೂರನೆಯವಳು
ಯಾರೋ ಕರೆದಂತೆ ತಿರುಗಿದ್ದಾಳೆ.

ಸ್ಕ್ಯಾನ್ ಆಯಿತು. ನ್ಯೂಸ್‌ಗ್ರೂಪಿಗೆ ಹಾಕಬೇಕು.
ಆದರೆ ಆ ದಾರಿಯಲ್ಲಿ ಅಕ್ಷರಕ್ಕೆ ಮಾತ್ರ ಪ್ರವೇಶ,
ಚಿತ್ರವನ್ನು ಸುಂಕದ ಕಟ್ಟೆಯಲ್ಲೇ ತಡೆಯುತ್ತಾರೆ.
"ಅಕ್ಷರದ ವೇಷ ಹಾಕಿಸು ಅದಕ್ಕೆ,"
ಎಂದ ಬಂದರು ಕಚೇರಿಯ ಹುಡುಗ ಥೋರ್ಗಿಲ್ಸ್,
"ವೇಷ ಮೂರಿವೆ."

ಹಳೆಯದು ಯುಯುಎನ್‌ಕೋಡ್.
ಮೂರು ಬೈಟು ಕೊಟ್ಟರೆ ನಾಲ್ಕು ಅಕ್ಷರ ಅಳೆದು ಕೊಡುತ್ತದೆ,
ಸಾಲು ಸಾಲೂ ಎಮ್ ಎಂದು
ತುಟಿ ಮುಚ್ಚಿಕೊಂಡೇ ಮಾತಿಗೆ ತೊಡಗುತ್ತದೆ.
ಸೊನ್ನೆಯನ್ನು ಮಾತ್ರ ಬರೆಯುವುದಿಲ್ಲ.
ಜಾಗ ಬಿಡುತ್ತದೆ.

ಆಮೇಲೆ ಬೇಸ್ ಅರವತ್ತನಾಲ್ಕು.
ಅರವತ್ತನಾಲ್ಕು ವಿದ್ಯೆ ಬಲ್ಲವನಿಗೆ ಸಲ್ಲುವ ಹಾಗೆ
ಹೋದ ಮನೆಯಲ್ಲೆಲ್ಲ ಮಣೆ ಹಾಕುತ್ತಾರೆ ಇದಕ್ಕೆ.
ಹೊರೆ ಮಾತ್ರ ಅದೇ, ಮೂರಕ್ಕೆ ನಾಲ್ಕು.

ವೈಎಂಕ್ ಮೊನ್ನೆ ಮೊನ್ನೆ ಬಂದದ್ದು.
ಇದಕ್ಕೆ ವೇಷವೆಂದರೆ ಹಣೆಗೊಂದು ಬೊಟ್ಟು:
ಪ್ರತಿ ಬೈಟಿಗೂ ನಲವತ್ತೆರಡು ಕೂಡಿಸಿ
ಇದ್ದ ಹಾಗೇ ನೂಕಿಬಿಡುತ್ತದೆ.
ನೂರಕ್ಕೆ ಎರಡು ಹೆಚ್ಚಾದರೆ ಹೆಚ್ಚಾಯಿತು.
"ಫೋನ್ ಬಿಲ್ಲು ಉಳಿಯುತ್ತೆ, ಅಜ್ಜಿ."

ಅವಳು ಕೇಳಿದ್ದು ಒಂದೇ: ಓದುವವರು ಯಾರು?

ತಂತಿಯ ಕೆಲಸದಲ್ಲಿ
ಬೇಗ ಬಡಿಯುವುದು ಯಾರಿಗೂ ಬರುತ್ತದೆ.
ಆ ಕಡೆಯ ಕಿವಿ ಎಷ್ಟು ನಿಧಾನವೋ
ಅಷ್ಟು ನಿಧಾನ ಬಡಿಯಲು ಹತ್ತು ವರ್ಷ ಬೇಕು.

ಓದುವವಳು ಚಿಲಿ ದೇಶದ ತುದಿಯಲ್ಲಿ,
ಪುಂತಾ ಅರೇನಾಸ್‌ನ ಏಡಿ ಡಬ್ಬಿ ಕಾರ್ಖಾನೆಯಲ್ಲಿ
ಲೆಕ್ಕ ಬರೆಯುವ ಎದುವಿಗೆಸ್.
ಮೀನು ಸೀಳುವ ಹೆಂಗಸರ ಚಿತ್ರ ಎಲ್ಲಿದ್ದರೂ ಕೂಡಿಡುತ್ತಾಳೆ.
ಕಾರ್ಖಾನೆ ಬಿಸಾಕಿದ ಅವಳ ಕಂಪ್ಯೂಟರಿಗೆ
ಹಳೆಯ ವೇಷವೊಂದೇ ಗುರುತು.

ಏಳು ಕಂತಿನಲ್ಲಿ ಹೊರಟಿತು.
ಒಂಬತ್ತನೆಯ ದಿನ ಉತ್ತರ:
ಪೀಪಾಯಿ ಬಂದವು. ತಲೆವಸ್ತ್ರ ಬಂದವು.
ಹುಬ್ಬಿನಿಂದ ಕೆಳಗೆ ಬರೀ ಬೂದಿ ಬಣ್ಣ.

ಥೋರ್ಗಿಲ್ಸ್ ಹುಡುಕಿ ಹೇಳಿದ:
ದಾರಿಯಲ್ಲಿ ಯಾವುದೋ ಒಂದು ಅಚ್ಚುಕಟ್ಟಿನ ಯಂತ್ರ
ಸಾಲಿನ ಕೊನೆಯ ಖಾಲಿ ಜಾಗವನ್ನೆಲ್ಲ ಗುಡಿಸಿ ಹಾಕಿದೆ.
ಅಲ್ಲಿ ಏನೂ ಇರಲಿಲ್ಲವಲ್ಲ.

ಹಾಲ್‌ಬೇರಾ ಕಾಫಿ ಲೋಟ ಕೆಳಗಿಟ್ಟಳು.
ಅಕ್ಷರದ ನಡುವೆ ಮೂರು ಎಣಿಕೆ ಸುಮ್ಮನಿರಬೇಕು,
ಪದದ ನಡುವೆ ಏಳು.
ಅರವತ್ತೊಂದರ ಚಳಿಗಾಲ, ಒಂದು ರಾತ್ರಿ,
ಎಂಟನೆಯ ಎಣಿಕೆಗೇ ಮುಗಿಯಿತೆಂದು ತಿಳಿದು
ಕಾಗದ ಹರಿದು ಹುಡುಗನ ಕೈಗೆ ಕೊಟ್ಟಿದ್ದಳು.
ದೋಣಿಯ ಪಟ್ಟಿಯಲ್ಲಿ
ಇನ್ನೂ ಒಂದು ಹೆಸರು ಬರುವುದಿತ್ತು.

"ಖಾಲಿಗೆ ಏನಾದರೂ ಬರೆಯುವ ಯುಯು ಇದೆಯೇನೋ?"
ಇತ್ತು.
ಸೊನ್ನೆ ಬಂದಲ್ಲಿ ಒಂದು ಓರೆ ಗೀರು ಹಾಕುತ್ತದೆ,
ಉಗುರಿನಿಂದ ಕೆರೆದಷ್ಟು,
ಗುಡಿಸುವವನ ಪೊರಕೆಗೆ ತಡೆಯಾಗುವಷ್ಟು.
ಮತ್ತೆ ಏಳು ಕಂತು. ಮತ್ತೆ ಫೋನ್ ಬಿಲ್ಲು.
ಹುಡುಗ ವೈಎಂಕ್ ಎಂದು ಗೊಣಗುತ್ತಲೇ ಇದ್ದ,
ಅವನು ಹೇಳಿದ್ದೂ ತಪ್ಪಲ್ಲ.

ಈ ಸಲ ಹುರುಪೆಯ ಹೊಳಪಿನ ತನಕ ಎಲ್ಲ ತಲುಪಿತು.
ಎದುವಿಗೆಸ್ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಎಣಿಸಿ,
ಇವಳ ಕೈ ನನ್ನ ಸೋದರತ್ತೆಯ ಕೈ ಥರ ಎಂದೆಲ್ಲ ಬರೆದು,
ಕೊನೆಗೆ ಕೇಳಿದ್ದಳು:
ಬಲದಿಂದ ಮೂರನೆಯವಳ ಮುಖ ಮಾತ್ರ ಕಲಸಿಹೋಗಿದೆ.
ಆ ಕಂತು ಇನ್ನೊಮ್ಮೆ ಕಳಿಸುತ್ತೀಯಾ?

ಹಾಲ್‌ಬೇರಾ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದಳು,
ಎಂಟು ಎಣಿಸಿದಳು, ಒಂಬತ್ತು, ಹತ್ತು,
ಬರೆದಳು:

ಅವಳು ಬಂದಿದ್ದಾಳೆ.
ತಿರುಗುತ್ತಿದ್ದಾಳೆ, ಅಷ್ಟೆ.