ದಿನಕ್ಕೆ ಒಂದೂವರೆ

ಬ್ಲೌಸಿಗೆ ಎಂಬತ್ತು ಸೆಂಟಿಮೀಟರ್ ಸಾಕು,
ತೋಳು ಉದ್ದವಿದ್ದರೆ ಒಂದು ಮೀಟರ್.
ಬಟ್ಟೆ ಹರಡಿದರೆ ಕೈಗೇ ಗೊತ್ತಾಗುತ್ತದೆ
ಎಲ್ಲಿ ಕತ್ತರಿಯಿಟ್ಟರೆ ಎಷ್ಟು ಚೂರು ಉಳಿದೀತೆಂದು.
ಇದೊಂದು ಮಾತ್ರ ಗೊತ್ತಾಗಲಿಲ್ಲ:
ದಿನಕ್ಕೆ ಒಂದೂವರೆ ಜಿಬಿ ಅಂದರೆ ಎಷ್ಟು ಮೊಳ?

ಗಾಂಧಿ ಬಜಾರಿನ ಹೂವಿನವರು
ಮೊದಲ ಮಾರು ಅಳೆಯುವ ಹೊತ್ತಿಗೆ ತುಂಬಿರುತ್ತದೆ.
ಮಧ್ಯಾಹ್ನ ಮೂರಕ್ಕೆ ಮೆಸೇಜು,
ತೊಂಬತ್ತು ಪರ್ಸೆಂಟ್ ಮುಗಿದಿದೆ.
ನಾನು ನೋಡಿದ್ದು ಒಂದೇ ಒಂದು ಕತ್ತಿನ ಡಿಸೈನು,
ಬೆನ್ನ ಮೇಲೆ ಹಕ್ಕಿಗೂಡಿನ ಹಾಗೆ ದಾರ ಹೆಣೆಯುವುದು.

"ನೀವು ನೋಡಿದ್ದಲ್ಲ ಅಕ್ಕಾ, ಅದೇ ತೋರಿಸಿಕೊಂಡಿದ್ದು."
ಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ
ತಸ್ಲೀಮಾ ಫೋನು ಕಿತ್ತುಕೊಂಡಳು.
ಒಂದು ವಿಡಿಯೋ ಮುಗಿದರೆ ಇನ್ನೊಂದು ತಾನೇ ಶುರುವಂತೆ,
ನಾನು ಮಶೀನಿನ ಕಡೆ ತಿರುಗಿದ ಮೇಲೂ
ಅದು ಗೋಡೆಗೆ ಪಾಠ ಹೇಳುತ್ತಿತ್ತಂತೆ.
ಬೀಗರ ಗ್ರೂಪಿನ ಗುಡ್ ಮಾರ್ನಿಂಗ್ ಗುಲಾಬಿಗಳು
ಕರೆಯದೆಯೇ ಒಳಬಂದು ಕೂತಿದ್ದವಂತೆ.
ಒಂದು ಸಲವೂ ನಾನು ತೆರೆಯದ ಯಾವುದೋ ಆಪು
ಹಿತ್ತಿಲ ಕಡೆಯಿಂದ ಕೊಡ ತುಂಬಿಕೊಳ್ಳುತ್ತಿತ್ತಂತೆ.

ಒಂದೊಂದಾಗಿ ಮುಚ್ಚಿದಳು,
ಮಲಗುವ ಮುಂಚೆ ನಲ್ಲಿಗಳನ್ನು ತಿರುಪಿ ನೋಡುವ ಹಾಗೆ.
ಕೊನೆಗೆ ವಿಡಿಯೋವನ್ನೂ ನೂರಾ ನಲವತ್ತನಾಲ್ಕಕ್ಕೆ ಇಳಿಸಿ
"ಮಸುಕಾಗುತ್ತೆ," ಅಂದಳು. "ಮಸುಕು ಅಗ್ಗ."

ಮಸುಕೇ ಆಯಿತು.
ಕತ್ತಿನ ಹತ್ತಿರ ಬರೀ ಚೌಕ ಚೌಕ,
ಕಲಿಸುವವಳ ಬೆರಳು ಎಂಟೋ ಹತ್ತೋ,
ದಾರ ಎಲ್ಲಿ ಮುಳುಗಿತು, ಎಲ್ಲಿ ಎದ್ದಿತು, ದೇವರೇ ಬಲ್ಲ.
ಗೌರಿ ಹಬ್ಬಕ್ಕೆ ಆರೇ ದಿನ.
ವಿನೋಬನಗರದ ಮೇಡಮ್ಮಿನ ರೇಷ್ಮೆ ಮೇಜಿನ ಮೇಲೆ.
ಕಾಣದ ಕಡೆ ನಾನೇ ಹೊಲಿದೆ.
ಎರಡು ಸಲ ಬಿಚ್ಚಿದೆ.
ಮೂರನೆಯ ಸಲಕ್ಕೆ ಬೆನ್ನ ಮೇಲೆ ಏನೋ ಬಂತು,
ಹಕ್ಕಿಗೂಡಲ್ಲ,
ಹೊಳೆಯಲ್ಲಿ ಕಲ್ಲಿನ ಹಿಂದೆ ನೀರು ಸುತ್ತುವ ಹಾಗೆ.
ಮೇಡಂ ಕನ್ನಡಿಗೆ ಬೆನ್ನು ಕೊಟ್ಟು, ಕತ್ತು ತಿರುಗಿಸಿ,
"ಯಾವ ವಿಡಿಯೋದ್ದು ಇದು? ಲಿಂಕ್ ಕಳಿಸಿ" ಅಂದರು.
ತಸ್ಲೀಮಾ ನಗು ತಡೆಯಲಾಗದೆ
ಗುಂಡಿ ಡಬ್ಬಿಯೊಳಗೆ ಏನೋ ಹುಡುಕತೊಡಗಿದಳು.

ಈಗ ಉಳಿಯುತ್ತದೆ.
ರಾತ್ರಿ ಹನ್ನೊಂದೂವರೆಗೂ ನಾನೂರು, ಐನೂರು ಎಂಬಿ.
ಆದರೆ ಇದೆಂಥ ಉಳಿತಾಯ ಹೇಳಿ?
ಚೂರು ಬಟ್ಟೆಯಾದರೆ ಗೋಣಿಚೀಲಕ್ಕೆ ಹಾಕಿಡುತ್ತೇನೆ,
ಕೌದಿಗಾಗುತ್ತದೆ, ಕೂಸಿನ ಕುಲಾವಿಗಾಗುತ್ತದೆ,
ಏನೂ ಇಲ್ಲವೆಂದರೆ ಮಶೀನಿನ ಎಣ್ಣೆ ಒರೆಸಲಿಕ್ಕೆ.
ಇದು ಹನ್ನೆರಡು ಹೊಡೆದರೆ ಇಲ್ಲವೇ ಇಲ್ಲ.
ನಾಳೆಯ ಒಂದೂವರೆಗೆ ಇವತ್ತಿನ ಅಂಚು ಕೂಡಿಸಿ ಹೊಲಿಯಲಾಗದು.
ಎರಡು ರಾತ್ರಿ ಇದೇ ಸಂಕಟಕ್ಕೆ ನಿದ್ದೆ ಹತ್ತಲಿಲ್ಲ.

ಎದುರಿನ ಎಟಿಎಮ್ಮಿಗೆ ರಾತ್ರಿ ಕಾವಲು ಹಾಲೇಶಣ್ಣ.
ಭದ್ರಾವತಿಯಲ್ಲಿ ಇಪ್ಪತ್ತಾರು ವರ್ಷ ಕುಲುಮೆಯ ಮುಂದೆ ನಿಂತವರು.
ಫೋನಿದೆ, ಕರೆನ್ಸಿ ಮಾತಾಡಲಿಕ್ಕಷ್ಟೆ.
ಹಾಟ್‌ಸ್ಪಾಟ್ ತೆರೆದು ಕಿಟಕಿಗೆ ಬಂದೆ.
ಪಾಸ್‌ವರ್ಡು ತಸ್ಲೀಮಾ ಇಟ್ಟದ್ದು, ಯಾರದೋ ಎದೆ ಸೊಂಟದ ಅಳತೆ.
ಬೀದಿಗೆ ಕೇಳುವಂತೆ ಕೂಗಲಾಗದೆ
ಬಿಲ್ಲಿನ ಹಿಂದೆ ಬರೆದು, ದೊಡ್ಡ ಗುಂಡಿಯೊಂದನ್ನು ಕಟ್ಟಿ ಎಸೆದೆ.

ಹಾಡೋ ನ್ಯೂಸೋ ನೋಡುತ್ತಾರೆಂದುಕೊಂಡಿದ್ದೆ.
ಅಲ್ಲ. ಯಾವುದೋ ದೇಶದ ಕಾರ್ಖಾನೆ,
ಮನೆಯಷ್ಟು ದೊಡ್ಡ ತಪ್ಪಲೆಯಿಂದ
ಕಬ್ಬಿಣ ನೀರಾಗಿ ಸುರಿಯುವುದು.
ಅವರ ಮುಖ, ಟೋಪಿ, ಹಿಂದಿನ ಶಟರಿನ ಅರ್ಧ
ಇಷ್ಟಿಷ್ಟೇ ಕಿತ್ತಳೆಯಾಗುತ್ತದೆ.
ಅವರು ಮಸುಕಿಗೆ ಇಳಿಸುವುದಿಲ್ಲ.
ಇಳಿಸಿ ಅಂತ ನಾನೂ ಹೇಳಿಲ್ಲ.

ನಿನ್ನೆ ಹನ್ನೆರಡಕ್ಕೆ ಐದು ನಿಮಿಷವಿರುವಾಗಲೇ ಮುಗಿದುಹೋಯಿತು.
ಹಾಲೇಶಣ್ಣ ಕಿಟಕಿಯತ್ತ ನೋಡಲಿಲ್ಲ,
ಫೋನನ್ನು ಅಲುಗಿಸದೆ ಹಿಡಿದು ಕೂತರು.
ನಾನು ಹುಕ್ಕು ಹಾಕುತ್ತಾ ಎಣಿಸಿದೆ, ಇನ್ನು ನಾಲ್ಕು, ಇನ್ನು ಮೂರು.
ತಪ್ಪಲೆಯ ಬಾಯಲ್ಲಿ
ಬೀಳಲು ಹೊರಟ ಕಬ್ಬಿಣ
ಹಾಗೇ ನಿಂತಿತ್ತು.