ಹನ್ನೆರಡು ನಿಮಿಷದ ನಿಲುಗಡೆ

ಕೊಲ್ಹಾರದಾಗ ಹನ್ನೆರಡು ನಿಮಿಷ ನಿಲ್ತೈತಿ ನಮ್ಮ ಬಸ್ಸು.
ಡ್ರೈವರ್ ಬಂದೇನವಾಜ ಚಹಾಕ್ಕ ಇಳೀತಾನ,
ಮಂದಿ ಮೊಸರಿನ ಗಡಿಗಿ ಹಿಂದ ಬೀಳ್ತಾರ,
ನಾ ಟಿಕೀಟಿನ ಮಷೀನು ಕೊರಳಾಗ ಇಟ್ಕೊಂಡೇ
ಹೊಳಿ ದಂಡಿಗೆ ಓಡಿದೆ.

ಬಯಕಿ ನಂದಲ್ಲ.
ತಮ್ಮನ ಹೆಂಡತಿ ಸಾವಂತ್ರಿಗೆ ಏಳು ತಿಂಗಳು.
ಹುಣಸಿ ಒಲ್ಲೆ, ಮಾವಿನಕಾಯಿ ಒಲ್ಲೆ,
ಬಾಳಿಮೀನದ ತತ್ತಿ ಬೇಕಂತ,
ಖಾರ ಹಚ್ಚಿ ಹಂಚಿನ ಮ್ಯಾಲ ಹುರಿದದ್ದು,
ಹಲ್ಲಿನಾಗ ಪಟಪಟ ಅನ್ನೂವಂಥದ್ದು.

ಮಿರಗದ ಮಳಿ ಬಿದ್ದು ನಾಕು ದಿನ,
ಹೊಳಿಗೆ ಕೆಂಪು ನೀರು ಬಂದಿತ್ತು.
ಅಂಬಿಗರ ತುಳಜವ್ವನ ಬುಟ್ಟಿ ತುಂಬ ಜಿಲೇಬಿ ಮೀನ.
ಬಾಜೂಕ, ಅಲ್ಯುಮಿನಿಯಂ ಬೋಗಾಣಿಯಾಗ
ಒಂದೇ ಒಂದು ಬಾಳಿ, ಎರಡು ಮೊಳ ಉದ್ದ,
ಕಿವಿರು ಆಡಸ್ತಿತ್ತು,
ಹೊಟ್ಟಿ ಬಿರಿಯೂ ಹಂಗ.

"ಇದನ್ನ ಕೊಡು."
"ಮಾರಾಕಲ್ಲ ಅದು."
"ದುಪ್ಪಟ್ಟು ಕೊಡ್ತೀನಿ."
"ಈಗರೇ ಧಾಬಾದಾಂವ ಮೂರು ಪಟ್ಟು ಅಂದು ಹೋದ."

ಮುಖ ಎತ್ತಲಿಲ್ಲ ಮುದುಕಿ. ಹುರುಪಿ ಕೆರೀತಿದ್ಲು.
"ನನ್ನ ಗಂಡನ ಬಲಿ ಕಣ್ಣಾಗ ನಾಕು ಬೆರಳು ಆಡತಿದ್ವು.
ಈಗಿನ ಹುಡುಗುರು ಸೊಳ್ಳಿ ಪರದೆ ತರ್ತಾರ.
ಅದೇನು ಬಲಿ? ಚಹಾ ಸೋಸೂ ಜಾಳಗಿ.
ಹೊಳೀನ ಸೋಸಿ ಕುಡಿಯಾಕ ಕುಂತಾರ."

ಗಡಿಯಾರ ನೋಡಿದೆ. ಐದು ನಿಮಿಷ ಉಳಿದಿದ್ವು.
"ಒಂದು ಮೀನಕ್ಕ ಏನಾಗ್ತೈತಿ, ಆಯಿ?"

"ನಿನ್ನ ಬಸ್ಸಿಗೆ ಬಸರಿ ಹತ್ತಿದ್ರ ಎಷ್ಟು ಟಿಕೀಟು ಹರೀತಿ?"
"ಒಂದು."
"ಹೌದಲ್ಲ? ಒಂದರ ರೊಕ್ಕ ಇಸಗೊಂಡು
ನಾ ಲಕ್ಷ ಸೀಟು ಹ್ಯಾಂಗ ಬಿಟ್ಟುಕೊಡ್ಲಿ?

ಜಿಲೇಬಿ ಒಯ್ಯಿ.
ಕರೀಲಾರದ ಬಂದ ಬೀಗರು ಇವು,
ಹನ್ನೆರಡು ತಿಂಗಳೂ ಹಡೀತಾವ,
ನಮ್ಮ ಮೀನದ ಮನಿ ಹಿಡಕೊಂಡು ಕುಂತಾವ.
ಎಷ್ಟು ತಿಂದರೂ ಹೊಳಿ ಬೈಯೂದಿಲ್ಲ."

ಒಂದರ ಬಾಯಿ ಹೆಬ್ಬೆರಳಿಲೆ ಬಿಚ್ಚಿದ್ಲು.
ಒಳಗ ನವಣಿ ಕಾಳಿನಂಥ ಹಳದಿ ತತ್ತಿ.
"ಬಾಯಾಗ ಇಟ್ಕೊಂಡು ಕಾಯ್ತೈತಿ,
ಮರಿ ಆಗೂತನಕ ಉಣ್ಣೂದು ಕಮ್ಮಿ."

ನನ್ನ ಗಂಟಲ ಕಟ್ಟಿತು.
"ಇದೂ ತಾಯಿನೇ ಅಲ್ಲೇನು?"

"ಹೌದು" ಅಂದ್ಲು, ಮೀನಿನ ಬಾಯಿ ಮುಚ್ಚಿ.
"ತಿನ್ನೂದು ಅಂದ ಮ್ಯಾಲ
ಯಾವುದರೇ ತಾಯೀನ ತಿಂತೀವಿ.
ಯಾರ ಮನಿ ಹಾಳ ಆಗ್ತೈತಿ ಅನ್ನೂದರೇ ನೋಡಿ ತಿನ್ನು."

ಮ್ಯಾಲ ರಸ್ತೆದಾಗ ಹಾರನ್ನು.
"ಓಡಬ್ಯಾಡ, ಆ ಬಾಜೂ ಹಿಡಿ.
ನಸುಕಿನಿಂದ ಒಂದು ಕೈ ಹುಡುಕಾಕತ್ತೀನಿ."

ಇಬ್ಬರೂ ಬೋಗಾಣಿ ಎತ್ತಿಕೊಂಡು
ಮೊಣಕಾಲಮಟ ಇಳಿದ್ವಿ.
ವಾಲಿಸಿದ್ವಿ.
ಅದು ಹೋಗಲಿಲ್ಲ ಮೊದಲು,
ನನ್ನ ಖಾಕಿ ಸೀರಿ ಸೆರಗಿನ ನೆರಳಾಗ
ಚಣಹೊತ್ತು ನಿಂತಿತು.
ಆಮ್ಯಾಲ ಬಾಲ ಹೊಡೆದು, ಮುಖಕ್ಕ ಕೆಸರು ಸಿಡಿಸಿ, ಮಾಯ.

ಬಂದೇನವಾಜ ಬೈದ: "ಮೂರು ನಿಮಿಷ ಲೇಟು!"
ಎರಡನೇ ಸೀಟಿನ ಅಜ್ಜ ಮೂಗು ಮುಚ್ಚಿಕೊಂಡು,
"ಈ ಚೀಲಕ್ಕ ಲಗೇಜು ಹರೀಬೇಕಲ್ಲ?" ಅಂದ.
ನನ್ನ ರೊಕ್ಕದಾಗ ನಾನೇ ಹರಿದುಕೊಂಡೆ.

ಸಾವಂತ್ರಿ ಎರಡು ತುಂಡು ತಿಂದು
ಮುಳ್ಳು ತಾಟಿನ ಅಂಚಿಗೆ ಇಟ್ಲು.
"ತತ್ತಿ ಎಲ್ಲಿ ವೈನಿ?"
"ಹೊಳ್ಯಾಗ ಅದಾವ."
ಎರಡು ದಿನ ನನ್ನ ಜೋಡಿ ಮಾತಾಡಲಿಲ್ಲ.

ಮೂರನೇ ದಿನ ರೊಟ್ಟಿ ಬಡಿಯೂ ಮುಂದ
ಬೆನ್ನು ತಿರುವಿಕೊಂಡೇ ಕೇಳಿದ್ಲು:
"ಆ ಬಾಳಿ...
ಎಷ್ಟು ದೂರ ಹೋಗಿರಬೇಕು ಈಗ?"